ಪೇಪರ್ ಇರೋ ನಾಯಿ: ಕೆನಲ್ ಕ್ಲಬ್ ರಿಜಿಸ್ಟ್ರೇಶನ್ನಿಂದ ಶೋ ರಿಂಗ್ ತನಕ

ನನ್ನ ಮೊದಲನೇ ಲ್ಯಾಬ್ರಡಾರ್ ಮರಿ ತಗೊಂಡಾಗ ಬ್ರೀಡರ್ (ಮರಿ ಮಾಡಿಸಿ ಕೊಡೋರು) ಹೇಳಿದ್ದು ಒಂದೇ ಮಾತು, ಪೇಪರ್, ಅಂದ್ರೆ ನಾಯಿ ವಂಶಾವಳಿ ಬರೆದಿರೋ ಕೆನಲ್ ಕ್ಲಬ್ ಸರ್ಟಿಫಿಕೇಟು, ಇನ್ನೆರಡು ತಿಂಗಳಲ್ಲಿ ಬರತ್ತೆ, ನೀವೇನೂ ತಲೆ ಕೆಡಿಸ್ಕೋಬೇಡಿ ಅಂತ. ಎರಡು ಹೋಗಿ ಐದು ತಿಂಗಳಾಯ್ತು, ಫೋನ್ ಮಾಡಿ ಮಾಡಿ ಸಾಕಾದ್ಮೇಲೆ ಒಂದಿನ ಪೇಪರ್ ಬಂತು, ನೋಡೋಕೆ ಚೆನ್ನಾಗೇ ಇತ್ತು, ಸೀಲ್ ಇತ್ತು, ಅಪ್ಪ ಅಮ್ಮ ಅಜ್ಜ ಮುತ್ತಜ್ಜ ಎಲ್ಲರ ಹೆಸರೂ ಇತ್ತು. ಆಮೇಲೆ ಇಂಜೆಕ್ಷನ್‌ಗೆ ಅಂತ ಡಾಕ್ಟರ್ ಹತ್ರ ಹೋದಾಗ ಅವರು ಸ್ಕ್ಯಾನರ್ ತಗೊಂಡು ಮರಿ ಹೆಗಲ ಮೇಲೆ ಆಡಿಸಿದ್ರು, ಬೀಪ್ ಅಂತು, ಚರ್ಮದ ಕೆಳಗಿರೋ ಮೈಕ್ರೋಚಿಪ್‌ನ 15 ಅಂಕಿ ನಂಬರ್ ಬಂತು, ನಾನು ಪೇಪರ್ ಹಿಡ್ಕೊಂಡು ಒಂದೊಂದೇ ಅಂಕಿ ಓದ್ತಾ ಹೋದೆ. ಮೊದಲ 11 ಸರಿ ಇತ್ತು. ಕೊನೇ ನಾಲ್ಕು ಬೇರೆ. ಅಂದ್ರೆ ನನ್ನ ಕೈಲಿದ್ದ ಪೇಪರ್ ನನ್ನ ಕಾಲ ಹತ್ರ ಕೂತಿದ್ದ ಮರೀದಲ್ಲ.

ನಾಯಿ ಮಾತ್ರ ಬಂಗಾರದಂಥದ್ದು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಆರನೇ ವರ್ಷಕ್ಕೇ ಮುಂಗಾಲು ಕುಂಟೋಕೆ ಶುರುವಾದಾಗ ಡಾಕ್ಟರ್ ಕೇಳಿದ್ರು, ಇದರ ಅಪ್ಪ ಅಮ್ಮಂದು ಎಲ್ಬೋ ಎಕ್ಸ್‌ರೇ ಏನಾದ್ರೂ ಇದ್ಯಾ ಅಂತ, ನನ್ನ ಹತ್ರ ಹೇಳೋಕೆ ಏನೂ ಇರ್ಲಿಲ್ಲ. ಅವತ್ತಿಂದ ನಾನು ಈ ರಿಜಿಸ್ಟ್ರೇಶನ್, ಬ್ರೀಡಿಂಗ್, ಶೋ ವಿಷಯ ಸೀರಿಯಸ್ಸಾಗಿ ಕಲಿಯೋಕೆ ಶುರು ಮಾಡಿದ್ದು. ನೀವೂ ಪೆಡಿಗ್ರಿ, ಅಂದ್ರೆ ವಂಶಾವಳಿ ದಾಖಲೆ ಇರೋ ನಾಯಿ ತಗೋಬೇಕು, ಮುಂದೆ ಶೋಗೆ ಕರ್ಕೊಂಡು ಹೋಗ್ಬೇಕು, ಅಥವಾ ಮರಿ ಮಾಡಿಸ್ಬೇಕು ಅಂತಿದ್ರೆ ಹೆಂಗೆ ಮುಂದುವರಿಯೋದು ಅಂತ ಒಂದೊಂದಾಗಿ ಹೇಳ್ತೀನಿ. ಒಂದು ವಿಷಯ ಈಗ್ಲೇ ತಲೇಲಿಟ್ಕೊಳ್ಳಿ, ಪೇಪರ್ ಹೇಳೋದು ಈ ನಾಯಿ ಯಾರ ಮಗು ಅನ್ನೋದನ್ನ ಮಾತ್ರ. ಆರೋಗ್ಯ ಹೆಂಗಿದೆ, ಸ್ವಭಾವ ಹೆಂಗಿದೆ ಅನ್ನೋದನ್ನೆಲ್ಲ ನೀವೇ ಬಾಯಿಬಿಟ್ಟು ಕೇಳಿ ತಿಳ್ಕೋಬೇಕು.

ಮೊದಲು ಈ ಕ್ಲಬ್ ಅಂದ್ರೆ ಏನು ಅಂತ

ಕೆನಲ್ ಕ್ಲಬ್ಬಿನ ಜೀವ ಇರೋದು ಒಂದು ದಫ್ತರದಲ್ಲಿ, ಅದಕ್ಕೆ ಸ್ಟಡ್ ಬುಕ್ ಅಂತಾರೆ, ಯಾವ ನಾಯಿ ಯಾವ ಜೋಡಿಗೆ ಯಾವತ್ತು ಹುಟ್ಟಿದ್ದು ಅಂತ ಬರೆದಿಡೋ ಪುಸ್ತಕ. ಇದು ಯಾಕೆ ಬೇಕಾಯ್ತು ಅನ್ನೋದೇ ಒಂದು ಕಥೆ. 1859ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಒಂದು ಡಾಗ್ ಶೋ ಆಯ್ತು, ಅದರಲ್ಲಿ ಇದ್ದಿದ್ದು ಪಾಯಿಂಟರ್ ಮತ್ತೆ ಸೆಟ್ಟರ್ ಅನ್ನೋ ಬೇಟೆನಾಯಿಗಳು ಮಾತ್ರ, ಅದಾದ್ಮೇಲೆ ಊರೂರಲ್ಲೂ ಶೋ ಶುರುವಾಯ್ತು, ಒಬ್ಬೊಬ್ಬರದು ಒಂದೊಂದು ರೂಲು, ಜೊತೆಗೆ ನಾಯಿಗಳಿಗೆಲ್ಲ ಬಾಬ್, ಜೆಟ್ ಅಂತ ಒಂದೇ ಪದದ ಹೆಸರು, ಯಾವ ಬಾಬ್ ಗೆದ್ದಿದ್ದು ಯಾವ ಬಾಬ್ ಸೋತಿದ್ದು ಅಂತಾನೇ ಗೊತ್ತಾಗ್ತಿರ್ಲಿಲ್ಲ. ಈ ಗೊಂದಲಕ್ಕೆ ಒಂದು ಗತಿ ಕಾಣಿಸೋಕೆ 1873ರಲ್ಲಿ ಲಂಡನ್ನಲ್ಲಿ ದಿ ಕೆನಲ್ ಕ್ಲಬ್ ಹುಟ್ಟಿದ್ದು, 1859ರಿಂದ ನಡೆದ ಶೋಗಳ ಲೆಕ್ಕ ಎಲ್ಲ ಸೇರಿಸಿ ಮೊದಲನೇ ಸ್ಟಡ್ ಬುಕ್ ಮಾಡಿದ್ದು ಅವರೇ. 1884ರಲ್ಲಿ ಅಮೆರಿಕನ್ ಕೆನಲ್ ಕ್ಲಬ್ ಬಂತು, ಎಲ್ಲರೂ ಎಕೆಸಿ ಅಂತ ಕರೆಯೋದು. 1911ರಲ್ಲಿ ಜರ್ಮನಿ, ಆಸ್ಟ್ರಿಯಾ, ಬೆಲ್ಜಿಯಂ, ಫ್ರಾನ್ಸ್, ನೆದರ್ಲ್ಯಾಂಡ್ಸ್ ಸೇರಿ ಎಫ್‌ಸಿಐ ಅಂತ ಕೆನಲ್ ಕ್ಲಬ್‌ಗಳ ಅಂತರರಾಷ್ಟ್ರೀಯ ಒಕ್ಕೂಟ ಮಾಡ್ಕೊಂಡ್ರು, ಮೊದಲನೇ ಮಹಾಯುದ್ಧದಲ್ಲಿ ಅದು ನಿಂತೋಯ್ತು, 1921ರಲ್ಲಿ ಮತ್ತೆ ಎದ್ದು ನಿಂತ್ಕೊಂತು, ಈಗ ಅದರ ಆಫೀಸ್ ಇರೋದು ಬೆಲ್ಜಿಯಂನ ತ್ವಾಂ ಅನ್ನೋ ಊರಲ್ಲಿ.

ಇಲ್ಲೇ ತುಂಬ ಜನ ಎಡವೋದು. "ಎಫ್‌ಸಿಐ ಪೇಪರ್ ಇದೆ" ಅಂತ ಮರಿ ಮಾರೋರು ಹೇಳ್ತಿರ್ತಾರೆ, ಆದ್ರೆ ಎಫ್‌ಸಿಐ ಒಂದು ನಾಯೀನೂ ತಾನಾಗಿ ರಿಜಿಸ್ಟರ್ ಮಾಡಲ್ಲ, ಪೆಡಿಗ್ರಿ ಪೇಪರೂ ಕೊಡಲ್ಲ, ಅದು ಕ್ಲಬ್‌ಗಳ ಕ್ಲಬ್ಬು ಅಷ್ಟೇ. ಒಂದು ದೇಶಕ್ಕೆ ಒಂದೇ ಸದಸ್ಯ ಕ್ಲಬ್, ಪೇಪರ್ ಕೊಡೋದು ಆ ಕ್ಲಬ್ಬು. ಬ್ರಿಟನ್ನಿನ ಕೆನಲ್ ಕ್ಲಬ್ಬು ಮತ್ತೆ ಎಕೆಸಿ ಎರಡೂ ಎಫ್‌ಸಿಐ ಒಳಗಿಲ್ಲ, ಆದ್ರೂ ಒಬ್ಬರ ಪೇಪರ್ ಇನ್ನೊಬ್ಬರು ಒಪ್ಕೊಳ್ಳೋ ಒಪ್ಪಂದ ಇದೆ, ಅದಕ್ಕೇ ಬೇರೆ ದೇಶದಿಂದ ತಂದ ನಾಯೀನೂ ಇಲ್ಲಿಯ ದಫ್ತರಕ್ಕೆ ಸೇರಿಸೋಕೆ ಆಗೋದು.

ದೇಶದ ಕ್ಲಬ್ ಕೆಳಗೆ ಒಂದೊಂದು ಬ್ರೀಡ್‌ಗೆ ಅಂತ ಬ್ರೀಡ್ ಕ್ಲಬ್‌ಗಳಿರ್ತವೆ, ಆಮೇಲೆ ಎಲ್ಲ ಬ್ರೀಡ್ ಸೇರಿಸಿ ಶೋ ನಡೆಸೋ ಊರಿನ ಕ್ಲಬ್‌ಗಳು. ನಾನಾದ್ರೆ ಯಾವ ಬ್ರೀಡ್ ಬೇಕೋ ಅದರ ಬ್ರೀಡ್ ಕ್ಲಬ್‌ಗೇ ಮೊದಲು ಫೋನ್ ಮಾಡ್ತೀನಿ, ಯಾಕಂದ್ರೆ ಆ ಬ್ರೀಡ್‌ಗೆ ಯಾವ ಕಾಯಿಲೆ ಜಾಸ್ತಿ, ಯಾರ ಹತ್ರ ಮರಿ ಬರೋದಿದೆ ಅನ್ನೋದು ಅವರಿಗೆ ಗೊತ್ತಿರೋವಷ್ಟು ಬೇರೆ ಯಾರಿಗೂ ಗೊತ್ತಿರಲ್ಲ.

ಬ್ರೀಡ್‌ಗಳನ್ನ ಗುಂಪು ಮಾಡೋದ್ರಲ್ಲೂ ವ್ಯತ್ಯಾಸ ಇದೆ. ಎಫ್‌ಸಿಐನಲ್ಲಿ 10 ಗುಂಪು, ಎಕೆಸಿ ಮತ್ತೆ ಬ್ರಿಟನ್ನಿನ ಕ್ಲಬ್ಬಲ್ಲಿ 7. ಡ್ಯಾಶ್‌ಹೌಂಡ್‌ಗೆ ಎಫ್‌ಸಿಐ ಒಂದು ಇಡೀ ಗುಂಪನ್ನೇ ಕೊಟ್ಟಿದೆ, ನಾಲ್ಕನೇದು, ಉಳಿದ ಎರಡು ಕಡೆ ಅದು ಹೌಂಡ್‌ಗಳ ಜೊತೆ ಬರತ್ತೆ. ಶೋ ಫಾರಂ ತುಂಬುವಾಗ ಇದು ಬೇಕಾಗತ್ತೆ.

ಕ್ಲಬ್ ಅಸಲಿನಾ ಅಂತ ನೋಡ್ಕೊಳ್ಳಿ

ಪ್ರಿಂಟರ್ ಇದ್ದೋರೆಲ್ಲ ಪೇಪರ್ ಕೊಡಬಹುದು, ದೊಡ್ಡ ದೊಡ್ಡ ಹೆಸರಿಟ್ಕೊಂಡು ದುಡ್ಡು ಕಟ್ಟಿದ ಯಾವ ನಾಯಿಗಾದ್ರೂ ಸರ್ಟಿಫಿಕೇಟ್ ಕಳಿಸೋ ಸಂಸ್ಥೆಗಳು ಎಲ್ಲ ಕಡೆ ಇವೆ. ಕಂಡುಹಿಡಿಯೋದು ಕಷ್ಟ ಏನಿಲ್ಲ. ಎಫ್‌ಸಿಐ ವೆಬ್‌ಸೈಟಲ್ಲಿ ಸದಸ್ಯ ಕ್ಲಬ್‌ಗಳ ಪಟ್ಟಿ ಇದೆ, ಅದರಲ್ಲಿ ಹೆಸರಿದ್ಯಾ ನೋಡಿ, ಇಲ್ಲಾಂದ್ರೆ ಎಕೆಸಿ ಅಥವಾ ಬ್ರಿಟನ್ನಿನ ಕ್ಲಬ್ ಆ ಪೇಪರನ್ನ ಒಪ್ಕೊಳ್ತಾರಾ ಅಂತ ನೋಡಿ. ಆಮೇಲೆ ಬ್ರೀಡರ್ ಕೊಟ್ಟ ಅಪ್ಪ ಅಮ್ಮನ ರಿಜಿಸ್ಟ್ರೇಶನ್ ನಂಬರ್ ತಗೊಂಡು ನೇರವಾಗಿ ಕ್ಲಬ್‌ಗೇ ಮೇಲ್ ಹಾಕಿ ಕೇಳಿ, ಈ ನಂಬರ್ ನಾಯಿ ನಿಮ್ಮ ದಫ್ತರದಲ್ಲಿದ್ಯಾ, ಓನರ್ ಯಾರು, ಈ ಸೂಲು (ಒಂದೇ ಹೆರಿಗೆಯ ಮರಿಗಳು) ರಿಜಿಸ್ಟರ್ ಆಗಿದ್ಯಾ ಅಂತ. ಅಸಲಿ ಕ್ಲಬ್ಬು ಸೂಲು ಬರ್ಕೊಳ್ಳೋಕೆ ಮುಂಚೆ ಗಂಡು ನಾಯಿ ಓನರ್ ಸಹಿ ಕೇಳತ್ತೆ, ಕೆಲವು ಸಲ ಡಿಎನ್ಎ ಕೇಳತ್ತೆ. ಎಕೆಸಿಯಲ್ಲಿ ಗಂಡು ನಾಯಿ ಒಂದು ವರ್ಷದಲ್ಲಿ ಮೂರಕ್ಕಿಂತ ಜಾಸ್ತಿ ಸೂಲಿಗೆ, ಅಥವಾ ಜೀವಮಾನದಲ್ಲಿ ಏಳಕ್ಕೆ ಅಪ್ಪ ಆದ್ರೆ ಅದರ ಡಿಎನ್ಎ ಪ್ರೊಫೈಲ್ ಕಡ್ಡಾಯ. ನಾಯಿ ಫೋಟೋ ಕಳಿಸಿದ್ರೆ ಸಾಕು ಪೇಪರ್ ಮಾಡ್ಕೊಡ್ತೀವಿ ಅನ್ನೋ ಕಡೆ ದುಡ್ಡು ಹಾಕ್ಬೇಡಿ.

ಪೆಡಿಗ್ರಿ ಓದೋದು ಹೆಂಗೆ

ಪೇಪರ್ ಕೈಗೆ ಬಂದ್ಮೇಲೆ ಫ್ರೇಮ್ ಹಾಕಿಸೋಕೆ ಮುಂಚೆ ಒಂದು ಪೆನ್ಸಿಲ್ ತಗೊಂಡು ಕೂತ್ಕೊಳ್ಳಿ.

ಮೊದಲು ಚಿಪ್ ನಂಬರ್, 15 ಅಂಕೀನೂ, ಸ್ಕ್ಯಾನರಲ್ಲಿ ಬಂದಿದ್ದಕ್ಕೆ ತಾಳೆ ನೋಡಿ, ಮರಿ ಮನೆಗೆ ತರೋ ದಿನಾನೇ ನೋಡಿ, ನನ್ನಂಗೆ ಐದು ತಿಂಗಳು ಬಿಟ್ಕೊಬೇಡಿ. ಆಮೇಲೆ ಹುಟ್ಟಿದ ದಿನ, ಗಂಡೋ ಹೆಣ್ಣೋ, ಬಣ್ಣ. ನಾಯಿ ಹೆಸರು ಉದ್ದಕ್ಕಿರತ್ತೆ, ಅದರಲ್ಲಿ ಒಂದು ಭಾಗ ಬ್ರೀಡರ್‌ನ ಕೆನಲ್ ಹೆಸರು, ಅದನ್ನ ಅವರು ಬಿಟ್ರೆ ಬೇರೆ ಯಾರೂ ಬಳಸೋಹಾಗಿಲ್ಲ. ಫ್ರಾನ್ಸ್‌ನಲ್ಲಿ ಒಂದು ವರ್ಷ ಹುಟ್ಟಿದ ಪೆಡಿಗ್ರಿ ಮರಿಗಳಿಗೆಲ್ಲ ಒಂದೇ ಅಕ್ಷರದಿಂದ ಹೆಸರಿಡೋ ಪದ್ಧತಿ ಇದೆ, ಹೆಸರು ಕೇಳಿದ್ರೆ ಸಾಕು ವಯಸ್ಸು ಗೊತ್ತಾಗತ್ತೆ, ನನಗೆ ಅದು ತುಂಬ ಇಷ್ಟ. ಹೆಸರಿನ ಮುಂದೆ ಚಾಂಪಿಯನ್ ಅಂತ ಚಿಕ್ಕದಾಗಿ ಇದ್ರೆ ಆ ನಾಯಿ ಶೋನಲ್ಲಿ ಪದವಿ ತಗೊಂಡಿದೆ ಅಂತರ್ಥ. ಆದ್ರೆ ಐದನೇ ತಲೆಮಾರಲ್ಲಿ ಒಬ್ಬ ಚಾಂಪಿಯನ್ ಇದ್ದ ಮಾತ್ರಕ್ಕೆ ನಿಮ್ಮ ಮರಿಗೆ ಅದರಿಂದ ಬಂದಿರೋದು ತುಂಬ ಕಮ್ಮಿ. ಮೂರು ತಲೆಮಾರಿನ ಪೇಪರಲ್ಲಿ 14 ಹೆಸರು, ನಾಲ್ಕಕ್ಕೆ 30, ಐದಕ್ಕೆ 62, ಲೆಕ್ಕ ಹಾಕ್ಕೊಳ್ಳಿ.

ಈಗ ಪೆನ್ಸಿಲ್ ಕೆಲಸ. ಮೇಲಿನ ಅರ್ಧ ಅಪ್ಪನ ಕಡೆ, ಕೆಳಗಿನ ಅರ್ಧ ಅಮ್ಮನ ಕಡೆ. ಎರಡೂ ಕಡೆ ಬರೋ ಹೆಸರಿಗೆಲ್ಲ ಸುತ್ತು ಹಾಕ್ತಾ ಹೋಗಿ. ಒಂದು ಸಲ ನನ್ನ ಸ್ನೇಹಿತರೊಬ್ಬರು ಮರಿ ತಗೊಳ್ಳೋಕೆ ಮುಂಚೆ ಪೆಡಿಗ್ರಿ ಕಳಿಸಿದ್ರು, ಇಬ್ರೂ ಕೂತು ಸುತ್ತು ಹಾಕ್ತಿದ್ವಿ, ಅಪ್ಪನ ಅಪ್ಪನ ಹೆಸರಿಗೆ ಹಾಕಿದ್ವಿ, ಕೆಳಗೆ ಬಂದ್ರೆ ಅಮ್ಮನ ಅಪ್ಪಾನೂ ಅದೇ ನಾಯಿ. ಅಂದ್ರೆ ಮರಿಯ ಅಪ್ಪ ಅಮ್ಮ ಒಂದೇ ತಂದೆಯ ಮಕ್ಕಳು. ಹೀಗೆ ಹತ್ತಿರದ ಸಂಬಂಧದಲ್ಲಿ ಜೋಡಿ ಆಗಿರೋದು ಎಷ್ಟು ಅಂತ ಅಳೆಯೋಕೆ ಒಂದು ಲೆಕ್ಕ ಇದೆ, ಇನ್‌ಬ್ರೀಡಿಂಗ್ ಕೋಎಫಿಶಿಯೆಂಟ್, ಸಿಓಐ ಅಂತಾರೆ, ಸ್ಯೂವಲ್ ರೈಟ್ ಅನ್ನೋ ವಿಜ್ಞಾನಿ 1922ರಲ್ಲಿ ಕೊಟ್ಟಿದ್ದು. ಆ ಮರಿದು 12.5 ಪರ್ಸೆಂಟ್ ಬಂತು. ಸ್ವಂತ ಅಣ್ಣ ತಂಗಿ ಅಥವಾ ಅಪ್ಪ ಮಗಳ ಜೋಡಿಯಾದ್ರೆ 25. ತಂದೆ ತಾಯಿಗೆ ಒಬ್ಬ ಅಜ್ಜ ಮಾತ್ರ ಒಂದೇ ಆಗಿದ್ರೆ 3.125. ಇದು ಪೇಪರಲ್ಲಿ ಕಾಣೋ ತಲೆಮಾರಿನ ಲೆಕ್ಕ ಅಷ್ಟೇ, ಹಿಂದೆ ಹೋದಷ್ಟೂ ನಿಜವಾದ ನಂಬರ್ ಏರತ್ತೆ. ಬ್ರಿಟನ್ನಿನ ಕ್ಲಬ್ ವೆಬ್‌ಸೈಟಲ್ಲಿ ಅವರ ನಾಯಿಗಳಿಗೆ ಈ ಲೆಕ್ಕ ಹಾಕಿಕೊಡೋ ಟೂಲ್ ಇದೆ, ಇಡೀ ಬ್ರೀಡಿನ ಸರಾಸರೀನೂ ತೋರಿಸತ್ತೆ, ಅದಕ್ಕಿಂತ ಕಮ್ಮಿ ಇದ್ರೆ ಒಳ್ಳೇದು. 2009ರಿಂದ ಅವರು ಅಪ್ಪ ಮಗಳು, ತಾಯಿ ಮಗ, ಅಣ್ಣ ತಂಗಿ ಜೋಡಿಯ ಮರಿಗಳನ್ನ ಬರ್ಕೊಳ್ಳೋದೇ ನಿಲ್ಲಿಸಿದ್ದಾರೆ.

ಇನ್ನೊಂದು, ಒಂದೇ ಗಂಡು ನಾಯಿ ಹೆಸರು ಆ ಬ್ರೀಡಿನ ಎಲ್ಲ ಪೆಡಿಗ್ರಿಯಲ್ಲೂ ಕಾಣ್ತಿದ್ರೆ ಹುಷಾರಾಗಿರಿ. ಒಂದು ನಾಯಿ ದೊಡ್ಡ ಶೋ ಗೆದ್ದ ತಕ್ಷಣ ಎಲ್ಲರೂ ಅದರ ಹತ್ರಾನೇ ಕ್ರಾಸ್ ಮಾಡಿಸ್ತಾರೆ, ಅದರಲ್ಲಿ ಅಡಗಿರೋ ಕಾಯಿಲೆ ಹತ್ತು ವರ್ಷದಲ್ಲಿ ಇಡೀ ಬ್ರೀಡಿಗೆ ಹರಡಿರತ್ತೆ.

ಹೆಲ್ತ್ ರಿಪೋರ್ಟ್ ಕೇಳೋದು

ಇದನ್ನ ಕೇಳೋಕೆ ಜನಕ್ಕೆ ಯಾಕೆ ಸಂಕೋಚವೋ, ಹತ್ತು ಹನ್ನೆರಡು ವರ್ಷ ಜೊತೆಗಿರೋ ಜೀವಕ್ಕೆ ಸಂಕೋಚ ಬೇಡ. ಮರಿದಲ್ಲ, ಅಪ್ಪ ಅಮ್ಮನ ರಿಪೋರ್ಟ್ ಕೇಳಿ. "ಡಾಕ್ಟರ್ ನೋಡಿದ್ದಾರೆ, ಆರೋಗ್ಯವಾಗಿದೆ" ಅಂದ್ರೆ ಅದು ರಿಪೋರ್ಟ್ ಅಲ್ಲ, ಕಾಗದ ಬೇಕು, ಅದರ ಮೇಲೆ ನಾಯಿ ಚಿಪ್ ನಂಬರ್ ಇರ್ಬೇಕು.

ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಗೋಲ್ಡನ್ ಥರದ ದೊಡ್ಡ ನಾಯಿಗಳಿಗೆ ಸೊಂಟ ಮತ್ತೆ ಮೊಣಕೈ ಎಕ್ಸ್‌ರೇ ಮುಖ್ಯ. ಅಮೆರಿಕದಲ್ಲಿ ಇದನ್ನ ನೋಡಿ ದರ್ಜೆ ಕೊಡೋದು ಓಎಫ್ಎ ಅನ್ನೋ ಸಂಸ್ಥೆ, 1966ರಿಂದ ಇದೆ, ನಾಯಿಗೆ 24 ತಿಂಗಳು ತುಂಬೋವರೆಗೂ ಸೊಂಟಕ್ಕೆ ಫೈನಲ್ ದರ್ಜೆ ಕೊಡಲ್ಲ, ನಾಯಿ ಹೆಸರು ಹಾಕಿ ಅವರ ವೆಬ್‌ಸೈಟಲ್ಲೇ ರಿಸಲ್ಟ್ ಹುಡುಕಬಹುದು. ಎಫ್‌ಸಿಐ ಕಡೆ ಎ ಇಂದ ಇ ತನಕ, ಎ ಅಂದ್ರೆ ಒಳ್ಳೇ ಸೊಂಟ. ಬ್ರಿಟನ್ನಲ್ಲಿ ಒಂದೊಂದು ಬದಿಗೆ 0ಯಿಂದ 53, ಎರಡೂ ಸೇರಿ 106ರವರೆಗೆ, ಇಲ್ಲಿ ನಂಬರ್ ಕಮ್ಮಿ ಇದ್ದಷ್ಟೂ ಒಳ್ಳೇದು, ಪರೀಕ್ಷೆ ಮಾರ್ಕ್ಸ್ ಅನ್ಕೊಂಡು 80 ಬಂದಿದೆ ಅಂತ ಖುಷಿ ಪಡ್ಬೇಡಿ. ಡಾಬರ್ಮನ್‌ಗೆ ಹಾರ್ಟ್ ಟೆಸ್ಟ್, ಅದೂ ಪ್ರತಿ ವರ್ಷ ಮಾಡಿಸಿರ್ಬೇಕು, ಯಾಕಂದ್ರೆ ಅದರ ಹೃದಯದ ಕಾಯಿಲೆ ವಯಸ್ಸಾದ ಹಾಗೆ ಬರೋದು. ಕ್ಯಾವಲಿಯರ್ ಕಿಂಗ್ ಚಾರ್ಲ್ಸ್‌ಗೆ ಹಾರ್ಟಿನ ವಾಲ್ವ್. ಡಾಲ್ಮೇಶಿಯನ್‌ಗೆ ಕಿವಿ, ಬಿಎಇಆರ್ ಅಂತ ಟೆಸ್ಟ್, ಇದು ಮರಿಗಳಿಗೇ ಮಾಡಿಸ್ತಾರೆ. ಪಗ್, ಫ್ರೆಂಚ್ ಬುಲ್‌ಡಾಗ್ ಅಂಥ ಚಪ್ಪಟೆ ಮುಖದ ನಾಯಿಗಳಿಗೆ ಉಸಿರಾಟದ ಗ್ರೇಡಿಂಗ್ ಇದೆ, ನಾಯೀನ ಮೂರು ನಿಮಿಷ ಓಡಿಸಿ ಮೊದಲೂ ಆಮೇಲೂ ಸ್ಟೆತಾಸ್ಕೋಪ್ ಇಟ್ಟು ಕೇಳ್ತಾರೆ, 0ಯಿಂದ 3ರವರೆಗೆ ಗ್ರೇಡು. ಗೊರಕೆ ಮುದ್ದಾಗಿದೆ ಅಂತ ವಿಡಿಯೋ ಹಾಕ್ತಾರಲ್ಲ, ಅದು ಉಸಿರಿಗೆ ಒದ್ದಾಡೋ ಸದ್ದು, ದಯವಿಟ್ಟು ಆ ಟೆಸ್ಟ್ ಇಲ್ಲದ ಅಪ್ಪ ಅಮ್ಮನ ಮರಿ ತಗೋಬೇಡಿ.

ಡಿಎನ್ಎ ಟೆಸ್ಟಲ್ಲಿ ಕ್ಲಿಯರ್ (ಕಾಯಿಲೆ ಜೀನ್ ಇಲ್ಲ), ಕ್ಯಾರಿಯರ್ (ಒಂದು ಕಡೆಯಿಂದ ಬಂದಿದೆ), ಅಫೆಕ್ಟೆಡ್ (ಎರಡು ಕಡೆಯಿಂದಲೂ ಬಂದಿದೆ) ಅಂತ ಮೂರು ಬರತ್ತೆ. ಕ್ಯಾರಿಯರ್ ಅಂದ ತಕ್ಷಣ ಹೆದರೋದು ಬೇಡ. ಎರಡು ಕಡೆಯಿಂದಲೂ ಬಂದ್ರೆ ಮಾತ್ರ ಕಾಣಿಸ್ಕೊಳ್ಳೋ ಕಾಯಿಲೆಗಳಲ್ಲಿ ಕ್ಯಾರಿಯರ್ ನಾಯೀನ ಕ್ಲಿಯರ್ ನಾಯಿ ಜೊತೆ ಜೋಡಿ ಮಾಡಿದ್ರೆ ಒಂದು ಮರಿಗೂ ಆ ಕಾಯಿಲೆ ಬರಲ್ಲ. ಎರಡು ಕ್ಯಾರಿಯರ್ ಸೇರಿದ್ರೆ ನಾಲ್ಕರಲ್ಲಿ ಒಂದರ ಅಂದಾಜಿಗೆ ಬರತ್ತೆ. ಎಲ್ಲ ಕ್ಯಾರಿಯರ್‌ಗಳನ್ನೂ ಹೊರಗೆ ಹಾಕ್ತಾ ಹೋದ್ರೆ ಮೊದಲೇ ಕಿರಿದಾಗಿರೋ ಬ್ರೀಡ್ ಇನ್ನೂ ಕಿರಿದಾಗತ್ತೆ.

ಕಿರಿದಾಗಿದ್ದನ್ನ ಅಗಲ ಮಾಡಿದ ಉದಾಹರಣೇನೂ ಇದೆ. ಶುದ್ಧ ಡಾಲ್ಮೇಶಿಯನ್‌ಗಳಲ್ಲೆಲ್ಲ ಯೂರಿಕ್ ಆಸಿಡ್ ಜಾಸ್ತಿ, ಅದರಿಂದ ಮೂತ್ರದಲ್ಲಿ ಕಲ್ಲಾಗಬಹುದು. 1973ರಲ್ಲಿ ರಾಬರ್ಟ್ ಶೈಬಲ್ ಅನ್ನೋ ತಳಿವಿಜ್ಞಾನಿ ಒಂದೇ ಒಂದು ಸಲ ಪಾಯಿಂಟರ್ ಜೊತೆ ಕ್ರಾಸ್ ಮಾಡಿಸಿ, ಅಲ್ಲಿಂದ ತಲೆಮಾರು ತಲೆಮಾರು ವಾಪಸ್ ಡಾಲ್ಮೇಶಿಯನ್ ಜೊತೆಗೇ ಮಾಡಿಸ್ತಾ ಹೋದ್ರು, ಒಳ್ಳೇ ಜೀನ್ ಉಳೀತು, ನೋಡೋಕೆ ಅಪ್ಪಟ ಡಾಲ್ಮೇಶಿಯನ್. ಆದ್ರೂ ಎಕೆಸಿ ಅವುಗಳನ್ನ ದಫ್ತರಕ್ಕೆ ಪೂರ್ತಿಯಾಗಿ ಸೇರಿಸ್ಕೊಂಡಿದ್ದು 2011ರಲ್ಲಿ. ಅಷ್ಟು ವರ್ಷ ಯಾಕೆ ಬೇಕಾಯ್ತು ಅಂತ ನೆನೆಸ್ಕೊಂಡ್ರೆ ನನಗೆ ಇವತ್ತೂ ಬೇಜಾರಾಗತ್ತೆ, ಪುಸ್ತಕದ ಶುದ್ಧತೆಗಿಂತ ನಾಯಿ ನೋವಿಲ್ಲದೆ ಮೂತ್ರ ಮಾಡೋದು ದೊಡ್ಡದಲ್ವಾ.

ನಿಮ್ಮ ಹೆಸರಿಗೆ ಮಾಡಿಸ್ಕೊಳ್ಳೋದು

ಸಾಮಾನ್ಯವಾಗಿ ಎರಡು ಹಂತ. ಮೊದಲು ಬ್ರೀಡರ್ ಇಡೀ ಸೂಲನ್ನ ಕ್ಲಬ್ಬಲ್ಲಿ ಬರೆಸ್ತಾರೆ, ಎಷ್ಟು ಮರಿ, ಯಾವ್ಯಾವ ಬಣ್ಣ, ಗಂಡು ಹೆಣ್ಣು, ಗಂಡು ನಾಯಿ ಓನರ್ ಸಹಿ. ಆಮೇಲೆ ಒಂದೊಂದು ಮರಿ ಹೊಸ ಓನರ್ ಹೆಸರಿಗೆ ಟ್ರಾನ್ಸ್‌ಫರ್ ಆಗತ್ತೆ. ಸೂಲು ಬರೆಸೋದು ಬ್ರೀಡರ್ ಕೆಲಸ, ನಿಮ್ಮದಲ್ಲ, ಅದನ್ನ ನಿಮ್ಮಿಂದ ಮಾಡಿಸೋಕೆ ನೋಡಿದ್ರೆ ಏನೋ ಸರಿ ಇಲ್ಲ ಅಂತ. ದುಡ್ಡು ಪೂರ್ತಿ ಕೊಡೋ ದಿನ ಟ್ರಾನ್ಸ್‌ಫರ್ ಫಾರಂಗೆ ಅವರ ಸಹಿ ನಿಮ್ಮ ಕಣ್ಣೆದುರೇ ಬೀಳ್ಬೇಕು. ಪೇಪರ್‌ಗೆ ಬೇರೆ ದುಡ್ಡು, ಪೇಪರ್ ಇಲ್ಲದಿದ್ರೆ ಕಮ್ಮಿ ದುಡ್ಡು ಅಂತ ಎರಡು ರೇಟ್ ಹೇಳೋರ ಹತ್ರ ನಾನು ಕೂರೋದೇ ಇಲ್ಲ.

ಪೇಪರಲ್ಲಿ ಲಿಮಿಟೆಡ್ ರಿಜಿಸ್ಟ್ರೇಶನ್ ಅಂತಾನೋ, ಇದರ ಮರಿಗಳನ್ನ ರಿಜಿಸ್ಟರ್ ಮಾಡಲ್ಲ ಅಂತಾನೋ ಇದ್ದರೆ ಮೋಸ ಅಂತ ಅನ್ಕೋಬೇಡಿ, ಬ್ರೀಡರೇ ಬೇಕಂತ ಹಾಕಿಸಿರ್ತಾರೆ, ಸಾಕೋಕೆ ಕೊಟ್ಟ ಮರೀನ ಟೆಸ್ಟ್ ಇಲ್ಲದೆ ಯಾರೂ ಬ್ರೀಡ್ ಮಾಡ್ಬಾರದು ಅಂತ. ಮುಂದೆ ನೀವು ಎಲ್ಲ ಟೆಸ್ಟ್ ಮಾಡಿಸಿ ತೋರಿಸಿದ್ರೆ ಅವರೇ ತೆಗೆಸಿಕೊಡಬಹುದು, ಆ ಷರತ್ತು ಬರಹದಲ್ಲಿ ತಗೊಳ್ಳಿ.

ಬ್ರೀಡಿಂಗ್ ಮಾಡ್ಬೇಕು ಅಂತಿದ್ರೆ

ಒಂದು ಸಲ ಮರಿ ಹಾಕಿದ್ರೆ ಹೆಣ್ಣು ನಾಯಿ ಆರೋಗ್ಯಕ್ಕೆ ಒಳ್ಳೇದು ಅನ್ನೋ ಮಾತು ಸುಳ್ಳು. ಮರಿ ಮಾರಿ ದುಡ್ಡು ಮಾಡಬಹುದು ಅನ್ನೋದು, ಸರಿಯಾಗಿ ಮಾಡೋರ ಮಟ್ಟಿಗೆ, ಅದೂ ಸುಳ್ಳೇ. ಟೆಸ್ಟು, ಡಾಕ್ಟರು, ಅರ್ಧರಾತ್ರಿ ಸಿಸೇರಿಯನ್ನು, ಎರಡು ತಿಂಗಳು ನಿದ್ದೆ ಇಲ್ಲದೆ ಇರೋದು, ಇಷ್ಟಕ್ಕೂ ತಯಾರಿದ್ರೆ ಮುಂದೆ ಓದಿ.

ಕ್ಲಬ್ ರೂಲು ಮೊದಲು ನೋಡ್ಕೊಳ್ಳಿ. ಬ್ರಿಟನ್ನಿನ ಕ್ಲಬ್ಬು ಒಂದು ಹೆಣ್ಣು ನಾಯಿಯಿಂದ ನಾಲ್ಕೇ ಸೂಲು ಬರ್ಕೊಳ್ಳೋದು, ಎರಡು ಸಿಸೇರಿಯನ್ ಆದ್ಮೇಲೆ ಇಲ್ಲ, ಎಂಟು ವರ್ಷ ತುಂಬಿದ ಮೇಲೆ ಇಲ್ಲ. ಎಕೆಸಿಯಲ್ಲಿ 8 ತಿಂಗಳಿಗೇ ಹೆಣ್ಣಿಗೆ ಕ್ರಾಸ್ ಮಾಡಿಸಿದ್ರೂ ಬರ್ಕೊಳ್ತಾರೆ, ಆದ್ರೆ ರೂಲು ಬಿಡತ್ತೆ ಅಂದ ಮಾತ್ರಕ್ಕೆ ಮಾಡಿಸ್ಬೇಡಿ, ಸೊಂಟದ ಫೈನಲ್ ರಿಪೋರ್ಟ್ ಬರೋದೇ ಎರಡು ವರ್ಷಕ್ಕೆ, ಅದಕ್ಕೆ ಮುಂಚೆ ಯಾವ ಧೈರ್ಯದ ಮೇಲೆ ಮಾಡಿಸ್ತೀರ.

ಗಂಡು ನಾಯಿ ಹುಡುಕೋವಾಗ ಹತ್ತಿರದ ಚಾಂಪಿಯನ್ ಯಾವುದು ಅಂತ ಹುಡುಕೋದಲ್ಲ, ನಿಮ್ಮ ಹೆಣ್ಣಿನ ಕೊರತೆ ಯಾವುದೋ ಅದು ಯಾವುದರಲ್ಲಿ ಚೆನ್ನಾಗಿದೆ ಅಂತ ನೋಡೋದು. ಅದರ ಸ್ವಭಾವ ಅದರ ಮನೇಲೇ ಹೋಗಿ ನೋಡಿ, ರಿಂಗಲ್ಲಿ ಅಲ್ಲ. ಮರ್ಲ್ ಬಣ್ಣದ (ಮಾಸಲು ಮೈ ಮೇಲೆ ಗಾಢ ಮಚ್ಚೆ ಇರೋ) ಎರಡು ನಾಯೀನ ಯಾವತ್ತೂ ಜೋಡಿ ಮಾಡ್ಬೇಡಿ, ಎರಡು ಮರ್ಲ್ ಜೀನ್ ಸೇರಿದ ಮರಿಗಳಲ್ಲಿ ಕಿವುಡು ಕುರುಡು ಬರೋದು ತುಂಬ. ಎರಡೂ ನಾಯಿಗೆ ಬ್ರೂಸೆಲ್ಲಾ ಟೆಸ್ಟ್ ಮಾಡಿಸಿ, ಅದು ಗರ್ಭ ಹೋಗೋ ಕಾಯಿಲೆ, ಮನುಷ್ಯರಿಗೂ ಅಂಟತ್ತೆ. ಸ್ಟಡ್ ಫೀಸು (ಗಂಡು ನಾಯಿ ಓನರ್‌ಗೆ ಕೊಡೋ ದುಡ್ಡು) ಎಷ್ಟು, ಗರ್ಭ ನಿಲ್ಲದಿದ್ರೆ ಇನ್ನೊಂದು ಸಲ ಫ್ರೀನಾ, ದುಡ್ಡಿನ ಬದಲು ಮರಿನಾ, ಎಲ್ಲಾನೂ ಕಾಗದದ ಮೇಲೆ ಬರ್ಕೊಳ್ಳಿ, ಎಷ್ಟೇ ಆಪ್ತರಾಗಿದ್ರೂ ಸರಿ.

ಹೆಣ್ಣು ನಾಯಿ ಹೀಟ್‌ಗೆ (ಬೆದೆಗೆ) ಬಂದ ಹತ್ತನೇ ದಿನ ಹನ್ನೆರಡನೇ ದಿನ ಅಂತ ಲೆಕ್ಕ ಹಾಕೋದಕ್ಕಿಂತ ರಕ್ತದಲ್ಲಿ ಪ್ರೊಜೆಸ್ಟರಾನ್ ಅನ್ನೋ ಹಾರ್ಮೋನ್ ನೋಡಿಸೋದು ವಾಸಿ, ಮೊಟ್ಟೆ ಬಿಡುಗಡೆಯಾದ ದಿನ ಗೊತ್ತಾದ್ರೆ ಅಲ್ಲಿಂದ ಸುಮಾರು 63 ದಿನಕ್ಕೆ ಮರಿ. 55ನೇ ದಿನದ ನಂತರ ಎಕ್ಸ್‌ರೇ ತೆಗೆಸಿದ್ರೆ ಮರಿಗಳನ್ನ ಎಣಿಸಬಹುದು, ಈ ನಂಬರ್ ಹೆರಿಗೆ ರಾತ್ರಿ ಪ್ರಾಣ ಉಳಿಸತ್ತೆ, ಆರು ಇವೆ ಅಂತ ಗೊತ್ತಿದ್ದು ಐದು ಬಂದು ನಿಂತ್ರೆ ಡಾಕ್ಟರ್‌ಗೆ ಫೋನ್ ಮಾಡ್ಬೇಕು ಅಂತ ಗೊತ್ತಾಗತ್ತೆ. ಕೊನೇ ವಾರ ದಿನಕ್ಕೆ ಎರಡು ಮೂರು ಸಲ ಟೆಂಪರೇಚರ್ ಬರೆದಿಡಿ, 37.2 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದ್ರೆ ಸಾಮಾನ್ಯವಾಗಿ 24 ಗಂಟೆ ಒಳಗೆ ಹೆರಿಗೆ. ಮರಿ ಹುಟ್ಟಿದ್ಮೇಲೆ ಒಂದೊಂದಕ್ಕೂ ಬೇರೆ ಬೇರೆ ಬಣ್ಣದ ದಾರ ಕಟ್ಟಿ ದಿನಾ ಅಡುಗೆ ಮನೆ ತಕ್ಕಡೀಲಿ ತೂಕ ಹಾಕಿ ಬರೀರಿ, ತೂಕ ಏರದೆ ನಿಂತ ಮರಿಗೆ ಏನೋ ಆಗಿದೆ ಅಂತ ಅಳು ಕೇಳಿಸೋಕೆ ಮುಂಚೇನೇ ತಕ್ಕಡಿ ಹೇಳತ್ತೆ. ಮೂರನೇ ವಾರದಿಂದ ಮನೆ ಸದ್ದು, ಮಕ್ಕಳು, ಮಿಕ್ಸಿ, ಛತ್ರಿ, ಎಲ್ಲ ಪರಿಚಯ ಮಾಡಿಸ್ತಾ ಹೋಗಿ, ಎಂಟು ವಾರಕ್ಕೆ ಮುಂಚೆ ತಾಯಿಯಿಂದ ಬಿಡಿಸಿ ಕೊಡ್ಬೇಡಿ. ತಗೊಂಡವರಿಗೆ ಯಾವತ್ತಾದ್ರೂ ಸಾಕೋಕೆ ಆಗದಿದ್ರೆ ಮರಿ ವಾಪಸ್ ನಿಮ್ಮ ಹತ್ರಾನೇ ಬರ್ಬೇಕು ಅಂತ ಕರಾರಲ್ಲಿ ಹಾಕಿ.

ಶೋಗೆ ಹೋಗೋದು

ಮೊದಲನೇ ಶೋಗೆ ನಾಯಿ ಇಲ್ಲದೆ ಹೋಗಿ. ನಿಮ್ಮ ಬ್ರೀಡ್ ರಿಂಗ್ ಪಕ್ಕ ನಿಂತು ನೋಡಿ, ಕೈಲಿ ಬ್ರೀಡ್ ಸ್ಟ್ಯಾಂಡರ್ಡ್ ಪ್ರಿಂಟ್ ಇಟ್ಕೊಳ್ಳಿ, ಈ ಬ್ರೀಡ್ ಹೆಂಗಿರ್ಬೇಕು ಅಂತ ತಲೆಯಿಂದ ಬಾಲದವರೆಗೆ ಬರೆದಿರೋ ಪತ್ರ ಅದು. ಜಡ್ಜ್ ಆ ಬರಹಕ್ಕೆ ಹೋಲಿಸಿ ನೋಡೋದು. ಎಫ್‌ಸಿಐನಲ್ಲಿ ಸ್ಟ್ಯಾಂಡರ್ಡ್ ಬರೋದು ಆ ಬ್ರೀಡ್ ಹುಟ್ಟಿದ ದೇಶದಿಂದ.

ಎಂಟ್ರಿ ಕೊನೇ ದಿನ ಶೋಗೆ ವಾರಗಟ್ಟಲೆ ಮುಂಚೇನೇ ಇರತ್ತೆ, ಕ್ಲಾಸ್ ಸರಿಯಾಗಿ ಹಾಕಿ. ಎಫ್‌ಸಿಐ ಶೋಗಳಲ್ಲಿ ಜೂನಿಯರ್ 9ರಿಂದ 18 ತಿಂಗಳು, ಇಂಟರ್‌ಮೀಡಿಯಟ್ 15ರಿಂದ 24, ಓಪನ್ 15 ತಿಂಗಳ ಮೇಲೆ, ವೆಟರನ್ 8 ವರ್ಷದ ಮೇಲೆ. ವಯಸ್ಸು ಲೆಕ್ಕ ಹಾಕೋದು ಶೋ ದಿನಕ್ಕೆ.

ಟ್ರೈನಿಂಗ್ ಅಂದ್ರೆ ಮೂರೇ ವಿಷಯ, ನಾಲ್ಕು ಕಾಲೂ ನೇರ ಇಟ್ಟು ಅಲ್ಲಾಡದೆ ನಿಲ್ಲೋದು, ಸಡಿಲ ಲೀಡಲ್ಲಿ (ಕತ್ತಿನ ಹಗ್ಗದಲ್ಲಿ) ಒಂದೇ ಲಯದಲ್ಲಿ ಓಡೋದು, ಅಪರಿಚಿತರು ಮುಟ್ಟಿದ್ರೆ ಸಹಿಸ್ಕೊಳ್ಳೋದು. ನಾನು ಮೊದಲೆರಡು ಚೆನ್ನಾಗಿ ಕಲಿಸಿದ್ದೆ. ನನ್ನ ಎರಡನೇ ನಾಯೀನ ಮೊದಲ ಸಲ ರಿಂಗಿಗೆ ಕರ್ಕೊಂಡು ಹೋದಾಗ ಜಡ್ಜ್ ಬಂದು ಗಲ್ಲದ ಕೆಳಗೆ ಕೈಯಿಟ್ಟು ತುಟಿ ಎತ್ತೋಕೆ ಹೋದ್ರು, ಅವಳು ತಲೆ ಹಿಂದಕ್ಕೆಳ್ಕೊಂಡು ನನ್ನ ಮೊಣಕಾಲ ಹಿಂದೆ ಹೋಗಿ ನಿಂತ್ಲು, ಎರಡನೇ ಸಲಾನೂ ಅದೇ, ಜಡ್ಜ್ ಬೆನ್ನು ಸವರಿ ಪರವಾಗಿಲ್ಲ ಪುಟ್ಟ ಅಂತ ಹೇಳಿ ಮುಂದೆ ಹೋದ್ರು. ಆಮೇಲೆ ಎರಡು ತಿಂಗಳು ಮನೆಗೆ ಯಾರೇ ಬಂದ್ರೂ ಅವರ ಕೈಲಿ ಒಂದು ತುಣುಕು ತಿಂಡಿ ಕೊಟ್ಟು, ಅವಳ ತುಟಿ ಎತ್ತಿ ಹಲ್ಲು ನೋಡಿ ಆಮೇಲೆ ಕೊಡಿ ಅಂತ ಕೇಳ್ಕೊಳ್ತಿದ್ದೆ. ಮುಂದಿನ ಶೋಗೆ ಅವಳೇ ಜಡ್ಜ್ ಕಡೆ ಮುಖ ಎತ್ತಿ ನಿಂತ್ಲು. ಗಂಡು ನಾಯಿ ಆದ್ರೆ ಎರಡೂ ಬೀಜ ಇಳಿದಿವೆಯಾ ಅಂತಾನೂ ಮುಟ್ಟಿ ನೋಡ್ತಾರೆ, ಅದಕ್ಕೂ ಅಭ್ಯಾಸ ಮಾಡಿಸಿ.

ರಿಂಗಲ್ಲಿ ನಾಯಿ ಯಾವಾಗ್ಲೂ ಜಡ್ಜ್‌ಗೂ ನಿಮಗೂ ಮಧ್ಯೆ ಇರ್ಬೇಕು. ನಂಬರ್ ತೋಳಿಗೆ ಹಾಕ್ಕೊಳ್ಳಿ, ಬಟ್ಟೆ ನಾಯಿ ಬಣ್ಣದ್ದೇ ಬೇಡ, ನಾಯಿ ರೂಪ ಕಾಣಲ್ಲ. ನೀರು, ಕ್ರೇಟು, ಬ್ರಶ್ಶು, ಲಸಿಕೆ ಪುಸ್ತಕ, ಪೇಪರ್ ಜೊತೆಗಿರ್ಲಿ. ಗೆದ್ದ ನಾಯಿ ಕ್ಲಾಸಿಂದ ಬೆಸ್ಟ್ ಆಫ್ ಬ್ರೀಡ್‌ಗೆ, ಅಲ್ಲಿಂದ ಗ್ರೂಪ್‌ಗೆ, ಅಲ್ಲಿಂದ ಬೆಸ್ಟ್ ಇನ್ ಶೋಗೆ ಹೋಗತ್ತೆ. ಚಾಂಪಿಯನ್ ಆಗೋ ಲೆಕ್ಕ ಒಂದೊಂದು ಕಡೆ ಒಂದೊಂದು. ಎಕೆಸಿಯಲ್ಲಿ 15 ಪಾಯಿಂಟ್, ಅದರಲ್ಲಿ ಎರಡು ಸಲ 3ರಿಂದ 5 ಪಾಯಿಂಟಿನ ದೊಡ್ಡ ಗೆಲುವು ಬೇರೆ ಬೇರೆ ಜಡ್ಜ್ ಕೈಲಿ. ಬ್ರಿಟನ್ನಲ್ಲಿ ಮೂರು ಬೇರೆ ಜಡ್ಜ್‌ಗಳಿಂದ ಮೂರು ಚಾಲೆಂಜ್ ಸರ್ಟಿಫಿಕೇಟ್. ಎಫ್‌ಸಿಐ ಇಂಟರ್‌ನ್ಯಾಷನಲ್ ಪದವಿಗೆ ಬೇಕಾದ ಸರ್ಟಿಫಿಕೇಟ್‌ಗಳನ್ನ ಮೂರು ದೇಶ, ಮೂರು ಜಡ್ಜ್ ಹತ್ರ ಗಳಿಸ್ಬೇಕು, ಮೊದಲನೇದಕ್ಕೂ ಕೊನೇದಕ್ಕೂ ಕನಿಷ್ಠ ಒಂದು ವರ್ಷ ಒಂದು ದಿನ ಅಂತರ ಇರ್ಬೇಕು.

ಗೆಲ್ಲೋ ರೂಪ ಯಾವಾಗ್ಲೂ ಆರೋಗ್ಯದ ರೂಪ ಅಲ್ಲ, ಇದನ್ನ ಕ್ಲಬ್‌ಗಳೇ ಒಪ್ಕೊಂಡಿವೆ. 2012ರಲ್ಲಿ ಬ್ರಿಟನ್ನಿನ ಕ್ಲಬ್ಬು ತನ್ನ ದೊಡ್ಡ ಶೋ ಕ್ರಫ್ಟ್ಸ್‌ನಲ್ಲಿ 15 ಬ್ರೀಡ್‌ಗಳ ವಿಜೇತರಿಗೆ ಡಾಕ್ಟರ್ ಚೆಕಪ್ ಇಟ್ಟಾಗ ಕೆಲವು ಬೆಸ್ಟ್ ಆಫ್ ಬ್ರೀಡ್ ನಾಯಿಗಳೇ ಫೇಲಾಗಿ ಗ್ರೂಪಿಗೆ ಹೋಗೋಕಾಗ್ಲಿಲ್ಲ. ರಿಂಗ್ ಪಕ್ಕ ನಿಂತಾಗ ಕಣ್ಣಿನ ಜೊತೆ ಕಿವೀನೂ ತೆರೆದಿಟ್ಕೊಳ್ಳಿ, ಓಡಿ ಬಂದ ನಾಯಿ ಉಸಿರು ಕೇಳಿಸಿದ್ರೆ ಆ ವಂಶದ ಮರಿ ಬೇಡ.

ಪೇಪರ್ ಇಲ್ಲದ ನಾಯಿ ಇದ್ರೂ ಬಾಗಿಲು ಮುಚ್ಚಿಲ್ಲ. ಅಜಿಲಿಟಿ (ಅಡೆತಡೆ ದಾಟಿ ಓಡೋದು), ಒಬೀಡಿಯೆನ್ಸ್ (ಹೇಳಿದ ಮಾತು ಕೇಳೋದು) ಥರದ ಆಟಗಳಿಗೆ ಎಕೆಸಿ, ಬ್ರಿಟನ್ನಿನ ಕ್ಲಬ್ ಎರಡೂ ಮಿಶ್ರ ತಳಿ ನಾಯಿಗಳನ್ನೂ ಬರ್ಕೊಳ್ತವೆ. ನನ್ನ ಮೊದಲನೇ ಲ್ಯಾಬ್ರಡಾರ್ ಬದುಕಿದ್ದಾಗ ಇದು ಗೊತ್ತಿದ್ದಿದ್ರೆ ಅವನ ಕಾಲು ಚೆನ್ನಾಗಿದ್ದ ವರ್ಷಗಳಲ್ಲಿ ಒಬೀಡಿಯೆನ್ಸ್‌ಗೆ ಖಂಡಿತ ಕರ್ಕೊಂಡು ಹೋಗ್ತಿದ್ದೆ.

ಫೈಲ್ ಇಡೋದು

ಪ್ರತಿ ನಾಯಿಗೂ ಒಂದು ಫೈಲ್ ಮಾಡಿ, ಪೆಡಿಗ್ರಿ, ಟ್ರಾನ್ಸ್‌ಫರ್ ಪೇಪರ್, ಚಿಪ್ ದಾಖಲೆ, ಎಕ್ಸ್‌ರೇ ರಿಪೋರ್ಟ್, ಡಿಎನ್ಎ ರಿಸಲ್ಟ್, ಜಡ್ಜ್ ಬರೆದುಕೊಟ್ಟ ವರದಿ. ಮನೆ ಬದಲಾಯಿಸಿದ್ರೆ, ಫೋನ್ ನಂಬರ್ ಬದಲಾಯಿಸಿದ್ರೆ ಚಿಪ್ ಡೇಟಾಬೇಸ್‌ಗೆ ಅವತ್ತೇ ತಿಳಿಸಿ. ಒಳ್ಳೇ ರಿಸಲ್ಟ್ ಆಗ್ಲಿ ಕೆಟ್ಟ ರಿಸಲ್ಟ್ ಆಗ್ಲಿ ಬ್ರೀಡರ್‌ಗೂ ಬ್ರೀಡ್ ಕ್ಲಬ್‌ಗೂ ಕಳಿಸಿ, ಕೆಟ್ಟದ್ದನ್ನಂತೂ ತಪ್ಪದೆ ಕಳಿಸಿ. ನಾಯಿ ತೀರ್ಕೊಂಡಾಗ್ಲೂ, ಕಷ್ಟ ಆದ್ರೂ, ಎಷ್ಟು ವಯಸ್ಸಿಗೆ, ಯಾವುದರಿಂದ ಅಂತ ಒಂದು ಸಾಲು ಬರೆದು ಕಳಿಸಿ. ನನ್ನ ಎರಡನೇ ನಾಯಿ ಹೋದ ವಾರ ಅವಳ ಬ್ರೀಡರ್ ಆಂಟಿಗೆ ಫೋನ್ ಮಾಡಿದ್ದೆ, ಸ್ವಲ್ಪ ಹೊತ್ತು ಇಬ್ರೂ ಮಾತಾಡ್ಲಿಲ್ಲ, ಆಮೇಲೆ ಆ ಕಡೆಯಿಂದ ಹಾಳೆ ತಿರುವೋ ಸದ್ದು ಕೇಳಿಸ್ತು, "ಸೊಂಟ ಕೊನೇವರೆಗೂ ಚೆನ್ನಾಗಿತ್ತಾ ಮಗಾ?" ಅಂದ್ರು, ಚೆನ್ನಾಗಿತ್ತು ಆಂಟಿ ಅಂದೆ, ಅವರು ಬರ್ಕೊಂಡ್ರು.